ಕೆಂಪು ನಕ್ಷತ್ರ ಅಂದ್ರೆ ಮುದಿ ನಕ್ಷತ್ರವಾ?

*ಗಿರೀಶ:* (ಫಾರ್ವರ್ಡ್ ಆದ ಚಿತ್ರ: “ನೀಲಿ ನಕ್ಷತ್ರ ಎಳೆಯದು, ಹಳದಿ ನಡುವಯಸ್ಸಿನದು, ಕೆಂಪು ಮುದಿ.”)
ಆಕಾಶ ನೋಡೋಕೆ ಶುರು ಮಾಡೋರಿಗೆ ಇಷ್ಟು ಸಾಕಲ್ವಾ?

*ಶೈಲಜಾ:* ಇದು ತಪ್ಪು ಕಣೋ. ಬಣ್ಣ ಹೇಳೋದು ಮೇಲ್ಮೈ ಬಿಸಿನ, ವಯಸ್ಸನ್ನಲ್ಲ. ಆರ್ದ್ರಾ, ಅಂದ್ರೆ ಬೀಟಲ್‌ಜ್ಯೂಸ್, ಸುಮಾರು 3,500 ಕೆಲ್ವಿನ್, ಅದಕ್ಕೇ ಕೆಂಪು. ಸೂರ್ಯ 5,800. ನೀಲಿ ನಕ್ಷತ್ರ ರೈಜೆಲ್ 12,000ದ ಆಸುಪಾಸು. ವಯಸ್ಸು ನೋಡಿದ್ರೆ ಸೂರ್ಯನಿಗೆ 460 ಕೋಟಿ ವರ್ಷ, ಆರ್ದ್ರಾಗೆ ಒಂದು ಕೋಟಿಯ ಹತ್ತಿರ ಅಷ್ಟೇ.

*ಗಿರೀಶ:* ವರ್ಷದ ಲೆಕ್ಕ ಬಿಡು, ಯಾವ ಹಂತದಲ್ಲಿದೆ ಅನ್ನೋದು ಮುಖ್ಯ. ಆರ್ದ್ರಾ, ಜ್ಯೇಷ್ಠಾ, ರೋಹಿಣಿ ಮೂರೂ ಒಡಲಿನ ಹೈಡ್ರೋಜನ್ ಇಂಧನ ಮುಗಿಸಿ ಉಬ್ಬಿದವು. ಹಾಗಲ್ಲದ ಕೆಂಪು ನಕ್ಷತ್ರ ಒಂದನ್ನ ಬರಿಗಣ್ಣಿಗೆ ತೋರಿಸು ನೋಡೋಣ.

*ನಾಗರಾಜ:* ತೋರಿಸೋಕೆ ಆಗಲ್ಲ, ಅಷ್ಟು ಮಟ್ಟಿಗೆ ಗಿರೀಶ ಸರಿ. ಸಂಖ್ಯೆಯಲ್ಲಿ ಕೆಂಪು ಕುಬ್ಜಗಳೇ, ಅಂದ್ರೆ ಸಣ್ಣ ಕೆಂಪು ನಕ್ಷತ್ರಗಳೇ ಜಾಸ್ತಿ, ಆದ್ರೆ ಎಲ್ಲ ಮಂಕು. ಅಂಥದ್ದೇ ಒಂದು ಪ್ರಾಕ್ಸಿಮಾ ಬರೀ 4.24 ಜ್ಯೋತಿರ್ವರ್ಷ ದೂರ, ಆದ್ರೂ ಕಾಂತಿಮಾನ 11 (ಈ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು). 10×50 ಬೈನಾಕ್ಯುಲರಿಗೂ ಸಿಗೋದು ಕಷ್ಟ. ಅಂಥವು ಲಕ್ಷ ಕೋಟಿ ವರ್ಷ ಉರಿಯುತ್ವೆ, ಈಗಿನ್ನೂ ಶುರು. “ಬರಿಗಣ್ಣಿಗೆ ಕಾಣೋ ಕೆಂಪು ನಕ್ಷತ್ರ ದೈತ್ಯ” ಅಂತ ಬರಿ, ಒಪ್ತೀನಿ. “ಮುದಿ” ತೆಗಿ.

*ಶೈಲಜಾ:* ಹಂತದ ಲೆಕ್ಕ ಹಿಡಿದ್ರೂ “ನೀಲಿ ಎಳೆಯದು” ನಿಲ್ಲಲ್ಲ ಗಿರಿ. ರೈಜೆಲ್ಲೂ ಒಡಲಿನ ಹೈಡ್ರೋಜನ್ ಮುಗಿಸಿಯಾಗಿದೆ.

*ಸುಮಾ:* ಹೊಸಬರಿಗೆ ಎಲ್ಲ ನಕ್ಷತ್ರವೂ ಬೆಳ್ಳಗೇ ಕಾಣೋದು! ಮೊದಲು ಬಣ್ಣ ನೋಡೋದು ಹೇಗೆ ಅಂತ ಹಾಕ್ರಪ್ಪಾ.

*ಶೈಲಜಾ:* ಬೈನಾಕ್ಯುಲರಿನ ಫೋಕಸ್ ಚಕ್ರನ ಕೂದಲೆಳೆಯಷ್ಟು ತಿರುಗಿಸಿ, ಚುಕ್ಕಿ ಸಣ್ಣ ಬಿಲ್ಲೆಯಾಗಲಿ. ಬೆಳಕು ಹರಡಿಕೊಂಡಾಗ ಬಣ್ಣ ಎದ್ದು ಬರುತ್ತೆ. ನೇರವಾಗಿ ನೋಡ್ಬೇಕು, ಓರೆನೋಟ ಮಂಕು ನಕ್ಷತ್ರಕ್ಕೆ ಸರಿ, ಬಣ್ಣಕ್ಕಲ್ಲ. ದಿಗಂತದಿಂದ 30 ಡಿಗ್ರಿ ಏರೋವರೆಗೂ ಕಾಯಿರಿ. ಲುಬ್ಧಕ, ಅಂದ್ರೆ ಸಿರಿಯಸ್, ಕೆಳಗಿದ್ದಾಗ ಕೆಂಪು, ಹಸಿರು ಮಿನುಗೋದು ಗಾಳಿಯ ಆಟ, ಅದರ ಬಣ್ಣ ಬಿಳಿ-ನೀಲಿಯೇ.

*ಗಿರೀಶ:* ಫೋನಲ್ಲಿ ತೆಗೆದ್ರೆ ಆರ್ದ್ರಾನೂ ಬೆಳ್ಳಗೆ ಬರುತ್ತಲ್ಲ?

*ನಾಗರಾಜ:* ಎಕ್ಸ್‌ಪೋಷರ್ ಜಾಸ್ತಿಯಾಗಿ ಸೆನ್ಸರ್‌ನ ಮೂರೂ ಬಣ್ಣ ತುಂಬಿ ಹೋಗಿರುತ್ತೆ. ಟ್ರೈಪಾಡ್ ಮೇಲಿಟ್ಟು ಐಎಸ್‌ಒ 800, 4 ಸೆಕೆಂಡಿಂದ ಶುರು ಮಾಡಿ, ಬೆಳ್ಳಗಾದ್ರೆ ಇಳಿಸ್ತಾ ಹೋಗು. ಫೋಕಸ್ ಇಲ್ಲೂ ಸ್ವಲ್ಪ ತಪ್ಪಿಸು. ವೈಟ್ ಬ್ಯಾಲೆನ್ಸ್ 5,000 ಕೆಲ್ವಿನ್‌ಗೆ ಕಟ್ಟಿಬಿಡು. ಆಟೋದಲ್ಲಿಟ್ರೆ ಒಂದೊಂದು ಫೋಟೋ ಒಂದೊಂದು ಬಣ್ಣ.

*ಸುಮಾ:* ಆರ್ದ್ರಾ ಮಂಕಾಗಿತ್ತಲ್ಲ, 2020ರ ಫೆಬ್ರವರಿಯಲ್ಲಿ ಕಾಂತಿಮಾನ 1.6ರವರೆಗೆ. ಅದನ್ನ ಬರೀ ಕಣ್ಣಲ್ಲಿ ಅಳೆಯೋದು ಹೇಗೆ?

*ಶೈಲಜಾ:* ರೋಹಿಣಿ 0.9, ಪ್ರೋಸಿಯಾನ್ 0.4. ಎಲ್ಲ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿದ್ದಾಗ ಆರ್ದ್ರಾನ ಈ ಎರಡರ ಜೊತೆ ಹೋಲಿಸು. ಥಟ್ಟನೆ ನೋಡಿ ಕಣ್ಣು ತೆಗಿ, ಕೆಂಪು ನಕ್ಷತ್ರನ ದಿಟ್ಟಿಸಿದಷ್ಟೂ ಇನ್ನೂ ಬೆಳಗಿದ ಹಾಗೆ ಕಾಣುತ್ತೆ.

*ಗಿರೀಶ:* ಸರಿ, ತಿದ್ದಿದೆ: “ನೀಲಿ ಹೆಚ್ಚು ಬಿಸಿ, ಕೆಂಪು ಕಡಿಮೆ ಬಿಸಿ. ಬರಿಗಣ್ಣಿಗೆ ಕಾಣೋ ಕೆಂಪು ದೈತ್ಯಗಳು: ಆರ್ದ್ರಾ, ಜ್ಯೇಷ್ಠಾ, ರೋಹಿಣಿ.”

*ನಾಗರಾಜ:* ರೋಹಿಣಿ ಕೆ ವರ್ಗ (ಬಿಸಿಯ ಪ್ರಕಾರ ಮಾಡಿದ ವಿಂಗಡಣೆ), 3,900 ಕೆಲ್ವಿನ್. ಕಣ್ಣಿಗೆ ಕಿತ್ತಳೆ. ಅದನ್ನ ಬೇರೆ ಸಾಲಲ್ಲಿ ಹಾಕು.