ಪೆಂಟಾಕ್ಸ್ ಕೆ1000: ಬಿಸಿಲಿನಲ್ಲಿ ತೆಗೆದ ಚಿತ್ರಗಳಿಗೆ ಮಾತ್ರ ಕಪ್ಪು ಪಟ್ಟಿ, ಏನಿರಬಹುದು?

ಸಾಗರದ ಕನ್ನಡ ಮೇಡಂ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ 1988ರಲ್ಲಿ ಮಸ್ಕತ್‌ನಲ್ಲಿ ಕೊಂಡಿದ್ದ ಪೆಂಟಾಕ್ಸ್ ಕೆ1000 ಫಿಲಂ ಕ್ಯಾಮೆರಾ ಈಗ ನನ್ನ ಪಾಲಿಗೆ ಬಂದಿದೆ. 50 ಮಿ.ಮೀ. ಎಫ್/2 ಲೆನ್ಸ್ ಒಂದೇ ಇದೆ. ಅಣ್ಣ ಮನೆ ಬದಲಿಸುವಾಗ "ಗುಜರಿಯವನಿಗೆ ಕೊಡಬೇಕೆಂದಿದ್ದೇನೆ, ಬೇಕಾದರೆ ಒಯ್ಯಿ" ಎಂದ. ಇಪ್ಪತ್ತು ವರ್ಷ ಬೀರುವಿನಲ್ಲಿ ಚರ್ಮದ ಚೀಲದೊಳಗೇ ಇತ್ತು. ಫಿಲಂ ಮುಂದಕ್ಕೆ ಸರಿಸುವ ಸನ್ನೆ ಎಳೆದು ಗುಂಡಿ ಒತ್ತಿದರೆ "ಟಪ್" ಎಂದು ಬಡಿಯಿತು. ಆ ಸದ್ದಿಗೇ ಮರುಳಾದೆ ಎನ್ನಬೇಕು.

ಕೊಡಾಕ್ ಗೋಲ್ಡ್ 200 ಕಲರ್ ಫಿಲಂ ತರಿಸಿ ಇಕ್ಕೇರಿಗೆ ಹೋದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಸತ್ತಿದೆ, ಹೊಸ ಬ್ಯಾಟರಿ ಹಾಕಿದರೂ ಮುಳ್ಳು ಅಲ್ಲಾಡುವುದಿಲ್ಲ. ಮೊಬೈಲಿನ ಲೈಟ್ ಮೀಟರ್ ಆ್ಯಪ್ ಹೇಳಿದಂತೆ ತಿರುಗಿಸಿ ತೆಗೆದೆ. ರೋಲು, ತೊಳೆಯುವ ಕೂಲಿ, ಸ್ಕ್ಯಾನ್, ಕೊರಿಯರ್ ಸೇರಿ 1,800 ರೂಪಾಯಿ ಆಯಿತು. 36 ಚಿತ್ರಕ್ಕೆ ಹಂಚಿದರೆ ಒಂದಕ್ಕೆ 50. ಅದರಲ್ಲಿ 11 ಚಿತ್ರಗಳ ಬಲ ಅಂಚಿನಲ್ಲಿ ಕಪ್ಪು ಪಟ್ಟಿ ಬಂದಿದೆ. ಎಲ್ಲವೂ ಅಘೋರೇಶ್ವರ ದೇವಸ್ಥಾನದ ಹೊರಗೆ, ನಂದಿ ಮಂಟಪದ ಸುತ್ತ, ನಡುಹಗಲಿನಲ್ಲಿ ತೆಗೆದವು. ಒಳಗಿನ ಕಂಬಗಳ ಚಿತ್ರಗಳಿಗೆ, ತೋಟದಲ್ಲಿ ತೆಗೆದವಕ್ಕೆ ಏನೂ ಆಗಿಲ್ಲ. ಕತ್ತಲೆಯಲ್ಲಿ ಸರಿಯಾಗಿದ್ದು ಬೆಳಕಿನಲ್ಲಿ ಕೆಡುವುದೆಂದರೆ ಎಲ್ಲಿಂದಲೋ ಬೆಳಕು ಸೋರುತ್ತಿದೆ ಎಂದೇ? ರಿಪೇರಿ ಮಾಡಿಸಲೇ, ಅಣ್ಣನ ಗುಜರಿಯ ಮಾತೇ ಸರಿಯೇ?

ಮೈಸೂರಿನ ಹವ್ಯಾಸಿ

ಹಿಂಬಾಗಿಲಿನ ಸುತ್ತ ಇರುವ ಕಪ್ಪು ಫೋಮ್ ಹೋಗಿರುತ್ತದೆ. ಆ ಕಾಲದ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಈಗ ಕರಗಿ ಡಾಂಬರಿನ ಹಾಗೆ ಅಂಟಂಟಾಗಿದೆ. ಬೆರಳಿಟ್ಟು ನೋಡಿ, ಮಸಿ ಹತ್ತಿದರೆ ಅದೇ ರೋಗ. ಹಲ್ಲುಕಡ್ಡಿ ಮತ್ತು ಸ್ಪಿರಿಟ್‌ನಿಂದ ಕೆರೆದು ತೆಗೆದು, ಆ ತೋಡಿನಲ್ಲಿ ತೆಳುವಾದ ಕಪ್ಪು ಉಣ್ಣೆ ದಾರ ಕೂರಿಸಿದರೆ ಸಾಕು. ನನ್ನ ಕ್ಯಾಮೆರಾದಲ್ಲಿ ಹಾಗೇ ಮಾಡಿದ್ದೇನೆ.

ಹಳೆಯ ಸ್ಟುಡಿಯೊ, ತೀರ್ಥಹಳ್ಳಿ

ಫೋಮ್ ಬದಲಿಸಿ, ಅದು ಹೇಗೂ ಆಗಬೇಕಾದ ಕೆಲಸ. ಆದರೆ ಈ ರೋಗ ಅದರದ್ದಲ್ಲ.

ಮೇಡಂ, ಸೋರಿಕೆಯೆಂದರೆ ಬೆಳಕು ಹೆಚ್ಚಾಗುವುದು. ಹೆಚ್ಚಾದ ಬೆಳಕು ಚಿತ್ರದಲ್ಲಿ ಬಿಳಿಯಾಗಿಯೋ ಕೆಂಪು ಕಿತ್ತಳೆ ಹೊಗೆಯಾಗಿಯೋ ಕಾಣಿಸುತ್ತದೆ, ಹಲವು ಸಲ ಅಂಚಿನ ಹಲ್ಲುತೂತುಗಳ ಮೇಲೂ ಹರಡಿರುತ್ತದೆ. ನಿಮ್ಮದು ಕಪ್ಪು. ಕಪ್ಪು ಎಂದರೆ ಅಲ್ಲಿಗೆ ಬೆಳಕು ತಲುಪಲೇ ಇಲ್ಲ. ನೆಗೆಟಿವ್ ಎತ್ತಿ ಕಿಟಕಿಗೆ ಹಿಡಿಯಿರಿ. ಎರಡು ಚಿತ್ರಗಳ ನಡುವೆ ಖಾಲಿ ಅಂಚು ಇರುತ್ತದಲ್ಲ, ಪಟ್ಟಿಯ ಜಾಗವೂ ಅದರ ಹಾಗೆಯೇ ಬರೀ ಕಿತ್ತಳೆಯಾಗಿದೆಯೇ ನೋಡಿ. ಉದ್ದಕ್ಕೆ ಹಿಡಿದು ತೆಗೆದ ಚಿತ್ರವಿದ್ದರೆ ಅದರಲ್ಲಿ ಪಟ್ಟಿ ಎಲ್ಲಿದೆ ಎಂಬುದನ್ನೂ ಹೇಳಿ. ಮತ್ತೆ, ಆ 11ಕ್ಕೆ ಶಟರ್ ವೇಗ ಎಷ್ಟಕ್ಕೆ ಇಟ್ಟಿದ್ದಿರಿ?

ಸಾಗರದ ಕನ್ನಡ ಮೇಡಂ

ಸರ್, ನೆಗೆಟಿವ್ ಬಂದಿರಲೇ ಇಲ್ಲ. ಸ್ಕ್ಯಾನ್ ಮಾತ್ರ ಕಳುಹಿಸಿದ್ದರು. ಫೋನ್ ಮಾಡಿ ಕೇಳಿದ ಮೇಲೆ ಇಂದು ಅಂಚೆಯಲ್ಲಿ ಬಂತು. ನೀವು ಹೇಳಿದಂತೆಯೇ ಇದೆ, ಪಟ್ಟಿಯ ಜಾಗ ಬರೀ ಕಿತ್ತಳೆ. ಗೋಪುರವನ್ನು ಉದ್ದಕ್ಕೆ ಹಿಡಿದು ತೆಗೆದದ್ದು ಒಂದಿದೆ. ಗುಂಡಿ ಮೇಲೆ ಬರುವಂತೆ ಹಿಡಿದಿದ್ದೆ, ಪಟ್ಟಿಯೂ ಮೇಲೆ ಬಂದಿದೆ.

ಶಟರ್ ಎಷ್ಟಕ್ಕೆ ಇಟ್ಟಿದ್ದೆ ಎಂದು ಬರೆದಿಟ್ಟಿಲ್ಲ. ಬಿಸಿಲಿನಲ್ಲಿ ಆ್ಯಪ್ ತೋರಿಸಿದ್ದು ಲೆನ್ಸಿನ ಕಿಂಡಿ ಎಫ್/8, ಶಟರ್ 1000 (ಸೆಕೆಂಡಿನ ಸಾವಿರದಲ್ಲೊಂದು ಪಾಲು) ಎಂದು ನೆನಪು. ಒಳಗೆ 30 ಇರಬೇಕು, ಕೈ ನಡುಗೀತೆಂದು ಕಂಬಕ್ಕೆ ಒರಗಿ ನಿಂತಿದ್ದೆ.

ಹಳೆಯ ಸ್ಟುಡಿಯೊ, ತೀರ್ಥಹಳ್ಳಿ

ಹಾಗಾದರೆ ರೋಗ ಸಿಕ್ಕಿತು. ಕ್ಯಾಮೆರಾ ತಿರುಗಿದಂತೆ ಪಟ್ಟಿಯೂ ತಿರುಗಿದೆ, ಅಂದರೆ ತಪ್ಪು ಬಿಸಿಲಿನದಲ್ಲ, ಶಟರಿನದು.

ನಿಮ್ಮ ಕ್ಯಾಮೆರಾದೊಳಗೆ ಬಟ್ಟೆಯ ಎರಡು ಪರದೆಗಳಿವೆ. ಒಂದು ಓಡಿ ಬಾಗಿಲು ತೆರೆಯುತ್ತದೆ, ಇನ್ನೊಂದು ಅದರ ಹಿಂದೆ ಓಡಿ ಮುಚ್ಚುತ್ತದೆ. 60 ಮತ್ತು ಅದಕ್ಕಿಂತ ನಿಧಾನದ ವೇಗಗಳಲ್ಲಿ ಮೊದಲನೆಯದು ಆಚೆ ದಡ ಮುಟ್ಟಿದ ಮೇಲೆಯೇ ಎರಡನೆಯದು ಹೊರಡುತ್ತದೆ. 125ರಿಂದ ಮೇಲೆ ಹಾಗಲ್ಲ. ಮೊದಲನೆಯದು ಇನ್ನೂ ದಾರಿಯಲ್ಲಿರುವಾಗಲೇ ಎರಡನೆಯದು ಹೊರಟುಬಿಡುತ್ತದೆ. ನಡುವೆ ಉಳಿಯುವುದು ಒಂದು ಸೀಳು. 1000ದಲ್ಲಿ ಆ ಸೀಳು ಕೆಲವೇ ಮಿ.ಮೀ. ಇಪ್ಪತ್ತು ವರ್ಷ ಮಲಗಿದ್ದ ಮೊದಲ ಪರದೆ ಕಾಲೆಳೆಯುತ್ತಾ ಓಡಿದರೆ ಎರಡನೆಯದು ಬಂದು ಅದರ ಬೆನ್ನು ಹತ್ತುತ್ತದೆ, ಸೀಳು ಮುಚ್ಚಿಹೋಗುತ್ತದೆ. ಅಲ್ಲಿಂದಾಚೆಗೆ ಫಿಲಂ ಬೆಳಕು ಕಾಣುವುದಿಲ್ಲ. ದೇವಸ್ಥಾನದೊಳಗೆ 30ರಲ್ಲಿ ತೆಗೆದಾಗ ಈ ತೊಂದರೆಗೆ ಅವಕಾಶವೇ ಇಲ್ಲ.

ಈ ಪರದೆಯ ಆಟವನ್ನು ನಾನು ಕಲಿತದ್ದು ಒಂದು ಮದುವೆಯಲ್ಲಿ, ಮರ್ಯಾದೆ ಕಳೆದುಕೊಂಡು. 1983. ಅಲ್ಲಿಯವರೆಗೆ ಯಾಶಿಕಾದ ಎರಡು ಕಣ್ಣಿನ ಕ್ಯಾಮೆರಾದಲ್ಲಿ ದುಡಿದವನು ಆ ವರ್ಷ ಸಾಲ ಮಾಡಿ ಕೆ1000 ಕೊಂಡಿದ್ದೆ. ಹಳೆಯದರಲ್ಲಿ ಫ್ಲಾಶ್‌ಗೆ ಶಟರ್ ಎಷ್ಟಿದ್ದರೂ ನಡೆಯುತ್ತಿತ್ತು. ಇದರಲ್ಲಿ 60 ಮೀರುವಂತಿಲ್ಲ. ಮೀರಿದರೆ ಫ್ಲಾಶ್ ಮಿಂಚುವ ಕ್ಷಣಕ್ಕೆ ಪರದೆ ಪೂರ್ತಿ ತೆರೆದಿರುವುದಿಲ್ಲ. ಮಂಟಪದ ನೂಕುನುಗ್ಗಲಿನಲ್ಲಿ ಡಯಲು ಯಾರದೋ ಮೊಣಕೈಗೆ ಸಿಕ್ಕು 125ಕ್ಕೆ ಹೊರಳಿದ್ದನ್ನು ನಾನು ನೋಡಲಿಲ್ಲ. ಧಾರೆಯ ಚಿತ್ರಗಳಲ್ಲಿ ಹೆಣ್ಣಿನ ಕಡೆಯವರೆಲ್ಲ ಥಳಥಳ ಹೊಳೆಯುತ್ತಿದ್ದಾರೆ, ಗಂಡಿನ ಕಡೆಯವರು ಗಾಢಾಂಧಕಾರದಲ್ಲಿ ನಿಂತಿದ್ದಾರೆ. ವರನ ತಂದೆ ಆಲ್ಬಂ ನೋಡಿ, "ದುಡ್ಡು ಕೊಟ್ಟವರು ಅವರೆಂದು ನಮ್ಮನ್ನು ಬಿಟ್ಟೆಯೋ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಇನ್ನು ಪರೀಕ್ಷೆ. ಫಿಲಂ ಇಲ್ಲದಾಗ ಹಿಂಬಾಗಿಲು ತೆರೆಯಿರಿ, ಲೆನ್ಸ್ ಬಿಚ್ಚಿ, ಬೆಳ್ಳಗಿನ ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡುತ್ತಾ 1000ಕ್ಕೆ ಒತ್ತಿ. ಆಮೇಲೆ 500, 250, 125. ಚೌಕ ಪೂರ್ತಿ ಬೆಳಗುವುದು ಯಾವುದರಲ್ಲಿ ಎಂದು ಗುರುತು ಮಾಡಿಕೊಳ್ಳಿ. ಬಟ್ಟೆಗೆ ಬೆರಳು ತಾಗಿಸಬೇಡಿ, ಕನ್ನಡಿಯನ್ನು ಒರೆಸಬೇಡಿ. ಅದರ ಲೇಪ ಮುಂಭಾಗದಲ್ಲೇ ಇರುವುದರಿಂದ ಕರವಸ್ತ್ರಕ್ಕೂ ಗೀರಾಗುತ್ತದೆ.

ಅಂದಹಾಗೆ, ನೆಗೆಟಿವ್ ತರಿಸಿಕೊಂಡದ್ದು ಒಳ್ಳೆಯದಾಯಿತು. ನೀವು 1,800 ಕೊಟ್ಟದ್ದು ಅದಕ್ಕೆ. ಮುಂದಿನ ಸಲ ಲಕೋಟೆಯ ಮೇಲೆಯೇ "ನೆಗೆಟಿವ್ ವಾಪಸು ಬೇಕು" ಎಂದು ಬರೆಯಿರಿ.

ರಿಪೇರಿ ಮೇಜು, ಬೆಂಗಳೂರು

ಹಿರಿಯರು ಹೇಳಿದ್ದು ಸರಿ. ಕೆ1000 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ, ನನ್ನ ಮೇಜಿಗೆ ಬರುವವುಗಳಲ್ಲಿ ಹೆಚ್ಚಿನವಕ್ಕೆ ಇದೇ ದೂರು. ಎಲ್ಲವೂ ಹಲ್ಲುಚಕ್ರ ಮತ್ತು ಸ್ಪ್ರಿಂಗಿನ ಕೆಲಸ, ಬ್ಯಾಟರಿ ಬರೀ ಮೀಟರಿಗೆ. ಹಾಗಾಗಿ ರಿಪೇರಿ ಆಗಿಯೇ ಆಗುತ್ತದೆ, ಗುಜರಿಯ ಮಾತು ಬಿಡಿ.

ಆದರೆ ಒಂದು ಎಚ್ಚರ. ಹಳೆಯ ಎಣ್ಣೆ ಒಣಗಿ ಗೋಂದಾಗಿರುವುದರಿಂದ ಪರದೆ ನಿಧಾನವಾಗುತ್ತದೆ. ಅದನ್ನು ತೊಳೆದು ಹೊಸ ಎಣ್ಣೆ ಹಾಕುವ ಬದಲು ಪರದೆಯ ಸ್ಪ್ರಿಂಗನ್ನು ಎರಡು ಸುತ್ತು ಬಿಗಿ ಮಾಡಿ ಕೊಡುವವರಿದ್ದಾರೆ. ಆ ದಿನಕ್ಕೆ 1000 ಸರಿಯಾಗುತ್ತದೆ, ಗೋಂದು ಒಳಗೇ ಉಳಿಯುತ್ತದೆ, ವರ್ಷದೊಳಗೆ ವಾಪಸು. "ಬಿಚ್ಚಿ ತೊಳೆಯುತ್ತೀರಾ, ಬಿಗಿ ಮಾಡುತ್ತೀರಾ?" ಎಂದು ಮೊದಲೇ ಕೇಳಿ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಎಣ್ಣೆಯನ್ನಂತೂ ಮನೆಯಲ್ಲಿ ಹೊಡೆಯಬೇಡಿ. ಅದು ಪರದೆಗೂ ಲೆನ್ಸಿಗೂ ಹರಿದರೆ ನನ್ನ ಕೆಲಸ ಮೂರು ಪಾಲಾಗುತ್ತದೆ.

ಮೀಟರಿಗೆ ಒಂದು ಎಲ್‌ಆರ್44 ಗುಂಡಿ ಬ್ಯಾಟರಿ. ತಳದ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ತೆಗೆದು ನೋಡಿ, ಹಸಿರು ಕಿಲುಬು ಇದ್ದರೆ ಕಿವಿ ಕಡ್ಡಿಯ ತುದಿಗೆ ಒಂದು ಹನಿ ವಿನೆಗರ್ ತಾಗಿಸಿ ಉಜ್ಜಿ, ಆಮೇಲೆ ಸ್ಪಿರಿಟ್‌ನಿಂದ ಒರೆಸಿ. ಅದಕ್ಕೂ ಮುಳ್ಳು ಏಳದಿದ್ದರೆ ಒಳಗಿನ ತಂತಿ ಕೊಳೆತಿರಬಹುದು. ಈ ಕ್ಯಾಮೆರಾದ ಮೀಟರಿಗೆ ಸ್ವಿಚ್ ಇಲ್ಲ. ಬಳಸದಾಗ ಲೆನ್ಸಿಗೆ ಮುಚ್ಚಳ ಹಾಕುವುದೇ ಸ್ವಿಚ್.

ಸಾಗರದ ಕನ್ನಡ ಮೇಡಂ

ಪರೀಕ್ಷೆ ಮಾಡಿದೆ. 1000ದಲ್ಲಿ ಒಂದು ಬದಿ ಖಂಡಿತ ಕತ್ತಲೆ. 500ರಲ್ಲಿ ಅನುಮಾನ, ಕೆಲವು ಸಲ ಬೆಳಗುತ್ತದೆ, ಕೆಲವು ಸಲ ಇಲ್ಲ. 250ರಿಂದ ಕೆಳಗೆ ಚೌಕ ಪೂರ್ತಿ ಬೆಳಗುತ್ತದೆ. ಆದರೆ ಹಿಂದಿನಿಂದ ನೋಡಿದಾಗ ಕತ್ತಲೆ ಇರುವುದು ಎಡಗಡೆ. ನನ್ನ ಚಿತ್ರಗಳಲ್ಲಿ ಬಲಗಡೆ ಇತ್ತಲ್ಲ?

ಕಿಲುಬು ಇತ್ತು. ಉಜ್ಜಿದ ಮೇಲೆ ಮುಳ್ಳು ಎದ್ದಿತು! ಮೊಬೈಲಿನ ಲೆಕ್ಕಕ್ಕೂ ಅದಕ್ಕೂ ಅರ್ಧ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ) ವ್ಯತ್ಯಾಸವಿದೆ.

ಹಳೆಯ ಸ್ಟುಡಿಯೊ, ತೀರ್ಥಹಳ್ಳಿ

ಲೆನ್ಸ್ ಬಿಂಬವನ್ನು ತಲೆಕೆಳಗು ಮಾಡುವುದಷ್ಟೇ ಅಲ್ಲ, ಎಡಬಲವನ್ನೂ ತಿರುಗಿಸುತ್ತದೆ. ಪರದೆ ಹಿಂದಿನಿಂದ ನೋಡಿದರೆ ಬಲದಿಂದ ಎಡಕ್ಕೆ ಓಡುತ್ತದೆ, ಓಟದ ಕೊನೆಯಲ್ಲಿ ಸಿಕ್ಕಿಬೀಳುತ್ತದೆ. ಆ ಎಡವೇ ನಿಮ್ಮ ಚಿತ್ರದ ಬಲ. ಲೆಕ್ಕ ಸರಿಹೋಯಿತು.

ಅರ್ಧ ಸ್ಟಾಪಿಗೆ ಹೆದರಬೇಡಿ. ಕಲರ್ ನೆಗೆಟಿವ್ ಒಂದೆರಡು ಸ್ಟಾಪ್ ಹೆಚ್ಚು ಬೆಳಕನ್ನು ನುಂಗಿಕೊಳ್ಳುತ್ತದೆ. ಕಡಿಮೆಯಾದರೆ ಮಾತ್ರ ನೆರಳೆಲ್ಲ ಕೆಸರು.

ರಿಪೇರಿಗೆ ಈಗಲೇ ಓಡಬೇಕಿಲ್ಲ. ನಿಮ್ಮ ಬಳಿ 1 ಸೆಕೆಂಡಿನಿಂದ 250ರವರೆಗೆ ಒಳ್ಳೆಯ ಶಟರ್ ಇದೆ. 200ರ ಫಿಲಮಿಗೆ ನಡುಹಗಲಿನ ಬಿಸಿಲಿನಲ್ಲಿ ಎಫ್/16, 250. ಎಫ್/8, 1000ಕ್ಕೆ ಬೀಳುವ ಬೆಳಕೂ ಅಷ್ಟೇ. ಹಿನ್ನೆಲೆ ಮಸುಕಾಗುವುದಿಲ್ಲ, ಅಷ್ಟೇ ನಷ್ಟ; ನಂದಿಗೆ ಅದರಿಂದ ಬೇಸರವಿಲ್ಲ. ಅಡಿಕೆ ತೋಟದೊಳಗೆ ಎಫ್/4, 60ರ ಆಸುಪಾಸು. ಪಾಕೆಟ್ ಪುಸ್ತಕ ಇಟ್ಟುಕೊಂಡು ಪ್ರತಿ ಚಿತ್ರಕ್ಕೂ ಎರಡು ಅಂಕಿ ಬರೆಯಿರಿ. ಮೊಬೈಲು ತಾನೇ ಬರೆದಿಟ್ಟುಕೊಳ್ಳುತ್ತದೆ, ಇದಕ್ಕೆ ಗುಮಾಸ್ತರು ನೀವೇ. ಅವತ್ತು ಬರೆದಿದ್ದರೆ ಈ ರೋಗ ಮೊದಲ ದಿನವೇ ಗೊತ್ತಾಗುತ್ತಿತ್ತು. ಫಿಲಂ ಹಾಕಿದ ಮೇಲೆ ಸನ್ನೆ ಎಳೆಯುವಾಗ ಎಡಗಡೆಯ, ಫಿಲಂ ವಾಪಸು ಸುತ್ತುವ ಗುಂಡಿ ತಿರುಗುತ್ತಿದೆಯೇ ಎಂದು ನೋಡುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ತಿರುಗದಿದ್ದರೆ ಫಿಲಂ ಹಿಡಿದಿಲ್ಲ, 36 ಚಿತ್ರವನ್ನೂ ಗಾಳಿಯಲ್ಲಿ ತೆಗೆದಂತೆ.

ಆ ಚರ್ಮದ ಚೀಲವನ್ನು ಹೊರಗೆ ಹಾಕಿ. ನಮ್ಮ ಕಡೆಯ ಮಳೆಗಾಲದಲ್ಲಿ ಚರ್ಮವೆಂದರೆ ಬೂಷ್ಟಿಗೆ ಹಬ್ಬ, ಅಲ್ಲಿಂದ ಲೆನ್ಸಿಗೆ ಒಂದೇ ಹೆಜ್ಜೆ. ನನ್ನ ಸ್ಟುಡಿಯೊದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಲೆನ್ಸಿನ ಬೀರುವಿನೊಳಗೆ ಒಂದು ಜೀರೊ ಬಲ್ಬ್ ಹಗಲೂ ರಾತ್ರಿ ಉರಿಯುತ್ತಿತ್ತು. ನಿಮಗೆ ಗಾಳಿಯಾಡದ ಡಬ್ಬ ಮತ್ತು ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾದಾಗ ಹಂಚಿನ ಮೇಲೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ದೋಸೆಯ ಹಂಚು ಬೇಡ, ಬೇರೆ ಇಟ್ಟುಕೊಳ್ಳಿ.

ಊಟಿಯ ಕಾರ್ಖಾನೆಯಿಂದ "ಇಂದು" ಎಂಬ ಹೆಸರಿನ ಕಪ್ಪುಬಿಳುಪು ಫಿಲಂ ಬರುತ್ತಿತ್ತು. ಇದ್ದಿದ್ದರೆ ಅದನ್ನೇ ಹಾಕಿ ಕಲಿಯಿರಿ ಎನ್ನುತ್ತಿದ್ದೆ. ಹೆಸರು ಇಂದು, ಮುಗಿದದ್ದು ಎಂದೋ. ಕನ್ನಡ ಮೇಡಂ ಆದ್ದರಿಂದ ಹೇಳಿದೆ.

ಮೈಸೂರಿನ ಹವ್ಯಾಸಿ

ಫೋಮ್ ಎಂದು ಅವಸರದಲ್ಲಿ ಹೇಳಿಬಿಟ್ಟೆ, ಕ್ಷಮಿಸಿ. ಡಯಲಿನ ಮೇಲೆ 500 ಮತ್ತು 1000ದ ಅಂಕಿಗಳಿಗೆ ಟೇಪ್ ಅಂಟಿಸಿಬಿಡಿ, ಮರೆತು ಕೈ ಹೋಗುವುದಿಲ್ಲ.

ರಿಪೇರಿ ಮೇಜು, ಬೆಂಗಳೂರು

ಟೇಪ್ ಬೇಡ, ಅಂಟು ಡಯಲಿನ ಸಂದಿಗೆ ಇಳಿಯುತ್ತದೆ. ಅಂಕಿಗಳ ಪಕ್ಕದಲ್ಲಿ ಕೆಂಪು ನೇಲ್ ಪಾಲಿಶ್‌ನ ಸಣ್ಣ ಚುಕ್ಕೆ ಸಾಕು. ಅಂಕಿಯ ಮೇಲೆ ಬೇಡ.

ಸಾಗರದ ಕನ್ನಡ ಮೇಡಂ

ಎರಡನೆಯ ರೋಲು ಬಂತು, ನೆಗೆಟಿವ್ ಸಮೇತ. ಕೆಳದಿ, ವರದಾಮೂಲ, ನಮ್ಮ ತೋಟ. 250 ದಾಟಲಿಲ್ಲ. ಒಂದರಲ್ಲೂ ಪಟ್ಟಿ ಇಲ್ಲ. ಎರಡು ಅಲ್ಲಾಡಿವೆ, ಪುಸ್ತಕ ನೋಡಿದರೆ ಎರಡೂ 15ರಲ್ಲಿ ತೆಗೆದವು, ಅಂದರೆ ತಪ್ಪು ನನ್ನ ಕೈಯದು. ಶಟರಿನ ಸರ್ವಿಸ್ ಮಳೆಗಾಲ ಕಳೆದ ಮೇಲೆ, ಬಿಚ್ಚಿ ತೊಳೆಯುವವರಲ್ಲೇ ಮಾಡಿಸುತ್ತೇನೆ.

ಚುಕ್ಕೆ ಇಟ್ಟೆ. ಡಯಲಿನ ಚಿತ್ರವನ್ನು ಅಣ್ಣನಿಗೆ ಕಳುಹಿಸಿದೆ. "ಆಯುಧಪೂಜೆ ಇನ್ನೂ ದೂರವಿದೆಯಲ್ಲೇ, ಈಗಲೇ ಕುಂಕುಮ ಇಟ್ಟೆಯಾ?" ಎಂದು ಕೇಳಿದ.