ಗರ್ಬರ್ ಆಸಿಡ್, ಹೈಡ್ರೋಸ್, ಲೆಡ್ ಪುಡಿ: ಎಲ್ಲಿ ನೀರು, ಎಷ್ಟು ನೀರು? (ಪ್ರಶ್ನೋತ್ತರ)

ಪ್ರಶ್ನೆ (ಹಾಲಿನ ಸೊಸೈಟಿ ಟೆಸ್ಟರ್, ಮದ್ದೂರು ತಾಲ್ಲೂಕು): ಸಾರ್, ಮಿಷಿನ್ ಕೈಕೊಟ್ಟಾಗ, ಇಲ್ಲ ಯಾರಾದ್ರೂ ಫ್ಯಾಟ್ ಬಗ್ಗೆ ತಕರಾರು ತೆಗೆದಾಗ ಗರ್ಬರ್ ಟೆಸ್ಟ್ (ಆಸಿಡ್ ಹಾಕಿ ಹಾಲಿನ ಫ್ಯಾಟ್ ಅಳೆಯೋದು) ಮಾಡ್ತೀವಿ. ಈ ಸಲ ರೆಡಿ ಆಸಿಡ್ ಸಿಗದೆ 98 ಪರ್ಸೆಂಟಿನ ಸಲ್ಫ್ಯೂರಿಕ್ ಕ್ಯಾನ್ ತಂದವ್ರೆ. ಹಂಗೇ ಹಾಕಿದ್ರೆ ಫ್ಯಾಟ್ ಬುಡದಲ್ಲಿ ಕರ್ರಗೆ ಕೂತ್ಕತದೆ. ಎರಡು ಸಲ ಬಿರಡೆನೂ ಹಾರ್ತು. ತೆಳು ಮಾಡೋದು ಹೆಂಗೆ?

ಉತ್ತರ (ಕೆಮಿಸ್ಟ್, ಮೈಸೂರು): ಸಾಧ್ಯವಾದರೆ ರೆಡಿ ಗರ್ಬರ್ ಆಸಿಡ್ ಬರುವ ತನಕ ಕಾಯಿರಿ. ಸೊಸೈಟಿಯ ಟೇಬಲ್ ಮೇಲೆ ಮಾಡುವ ಕೆಲಸವಲ್ಲ ಇದು. ಮಾಡಲೇಬೇಕು ಎಂದಾದರೆ ಹೀಗೆ ಮಾಡಿ.

ಕರ್ರಗೆ ಕೂರುವುದಕ್ಕೆ ಕಾರಣ ಆಸಿಡ್ ಗಟ್ಟಿ ಇರುವುದು. ಹಾಲಿನ ಸಕ್ಕರೆ, ಪ್ರೋಟೀನ್ ಸುಟ್ಟು ಇದ್ದಿಲಾಗುತ್ತವೆ. ತೀರಾ ತೆಳುವಾದರೆ ಬಿಳಿ ಮೊಸರಿನಂಥ ಕಣ ಉಳಿಯುತ್ತದೆ. ಬೇಕಾದದ್ದು 27 ಡಿಗ್ರಿಯಲ್ಲಿ 1.807ರಿಂದ 1.812 ಸಾಂದ್ರತೆ, ಅಂದರೆ ತೂಕದಲ್ಲಿ 90–91 ಪರ್ಸೆಂಟ್. ನಿಮ್ಮ ಕ್ಯಾನಿನಲ್ಲಿರುವುದು ಸುಮಾರು 1.84.

ಒಂದು ಲೀಟರಿಗೆ ಹತ್ತಿರ ಬರುವ ಅಳತೆ: 130 ಮಿ.ಲೀ. ಡಿಸ್ಟಿಲ್ಡ್ ವಾಟರ್, 870 ಮಿ.ಲೀ. ಆಸಿಡ್. ಎರಡು ಲೀಟರಿನ ಬೋರೋಸಿಲಿಕೇಟ್ ಬೀಕರನ್ನು ತಣ್ಣೀರಿನ ಟಬ್ಬಿನಲ್ಲಿ ಅಲುಗದಂತೆ ನಿಲ್ಲಿಸಿ, ಮೊದಲು ನೀರು ಹಾಕಿ. ಆಸಿಡ್ಡನ್ನು ಗಾಜಿನ ಕಡ್ಡಿಯ ಮೇಲೆ ಜಾರುವಂತೆ ಬಿಟ್ಟು ಕಲಕುತ್ತಿರಿ. ಶುರುವಿನಲ್ಲಿ ಒಂದು ಸಲಕ್ಕೆ 20 ಮಿ.ಲೀ. ಸಾಕು. ಅಷ್ಟಕ್ಕೇ 40 ಡಿಗ್ರಿಯಷ್ಟು ಏರುತ್ತದೆ. ಅವಸರಕ್ಕೆ 50 ಮಿ.ಲೀ. ಒಟ್ಟಿಗೆ ಸುರಿದರೆ ಕುದಿಯುವ ಹಂತಕ್ಕೇ ಹೋಗುತ್ತದೆ. ಥರ್ಮಾಮೀಟರ್ 60 ದಾಟಿದರೆ ನಿಲ್ಲಿಸಿ, ಇಳಿದ ಮೇಲೆ ಮುಂದುವರಿಸಿ. ಅರ್ಧ ದಾಟಿದ ಮೇಲೆ ಕಾವು ಕಡಿಮೆಯಾಗುತ್ತಾ ಬರುತ್ತದೆ. ಪ್ಲಾಸ್ಟಿಕ್ ಮಗ್, ಅಲ್ಯೂಮಿನಿಯಂ ಪಾತ್ರೆ, ಸ್ಟೀಲ್ ಬಕೆಟ್ ಯಾವುದೂ ಬೇಡ. ಪೂರ್ತಿ ತಣ್ಣಗಾಗುವ ಮುಂಚೆ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ.

ಉಲ್ಟಾ, ಅಂದರೆ ಆಸಿಡ್ಡಿಗೆ ನೀರು ಯಾಕೆ ಬೇಡ ಎಂದರೆ, ನೀರು ಹಗುರ, ಆಸಿಡ್ ಮೇಲೆ ತೇಲುತ್ತದೆ. ಎರಡೂ ಸೇರುವ ಪದರದಲ್ಲೇ ಕುದಿ ಬಂದು, ಕಾದ ಎಣ್ಣೆಗೆ ನೀರು ಬಿದ್ದಂತೆ ಆಸಿಡ್ ಮುಖಕ್ಕೆ ಸಿಡಿಯುತ್ತದೆ. ಕೊನೆಯಲ್ಲಿ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.82 ತೋರಿಸಿದಾಗ «ಒಂದೆರಡು ಹನಿ ನೀರು ಬಿಟ್ಟರಾಯಿತು» ಎಂದು ಕೈ ಹಾಕಿ ಸುಟ್ಟುಕೊಳ್ಳುವವರು ಉಂಟು. ಆಗಲೂ ಬೇರೆ ಬೀಕರಿನಲ್ಲಿ 10 ಮಿ.ಲೀ. ನೀರಿಗೆ ಇದೇ ಆಸಿಡ್ಡನ್ನು ಸ್ವಲ್ಪಸ್ವಲ್ಪವೇ ಸೇರಿಸಿ 100 ಮಿ.ಲೀ. ಮಾಡಿ, ತಣ್ಣಗಾದ ಮೇಲೆ ಅದನ್ನು ದೊಡ್ಡ ಬೀಕರಿಗೆ ಬೆರೆಸಿ ಮತ್ತೆ ಅಳೆಯಿರಿ.

ಇನ್ನು ಬಿರಡೆ. ಕ್ರಮ ಹೀಗಿರಲಿ: ಬ್ಯುಟಿರೋಮೀಟರಿಗೆ (ಫ್ಯಾಟ್ ಅಳೆಯುವ ಗಾಜಿನ ಕೊಳವೆಗೆ) 10 ಮಿ.ಲೀ. ಆಸಿಡ್, ಮೇಲೆ 10.75 ಮಿ.ಲೀ. ಹಾಲು ಗಾಜಿನ ಗೋಡೆಗುಂಟ ಮೆಲ್ಲಗೆ, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಹಾಲನ್ನು ನೇರ ಸುರಿದರೆ ಬಿರಡೆ ಹಾಕುವ ಮುಂಚೆಯೇ ಬೆರೆತು ಕಾಯುತ್ತದೆ. ಕತ್ತಿನ ಒಳಭಾಗಕ್ಕೆ ಹಾಲೋ ಆಸಿಡ್ಡೋ ತಾಗಿದ್ದರೆ ರಬ್ಬರ್ ಜಾರುತ್ತದೆ. ಬಿರಡೆ ಹಾರುವುದು ಹೆಚ್ಚಾಗಿ ಇದರಿಂದಲೇ. ಬಿರುಕು ಬಿಟ್ಟ ರಬ್ಬರನ್ನೂ ಎಸೆಯಿರಿ. ಲಾಕ್ ಸ್ಟಾಪರ್ ಹಾಕಿ, ಬ್ಯುಟಿರೋಮೀಟರಿಗೆ ದಪ್ಪ ಟವೆಲ್ ಸುತ್ತಿ, ಬಿರಡೆಯನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು ತಿರುವಿ ಮುರುವಿ ಕಲಕಿ. ಬಾಯಿ ನಿಮ್ಮ ಕಡೆಗೂ ಬೇಡ, ಕ್ಯಾನ್ ಹಿಡಿದು ನಿಂತ ರೈತರ ಕಡೆಗೂ ಬೇಡ. ಪಿಪೆಟ್ಟಿಗೆ ಬಾಯಿ ಹಚ್ಚಬೇಡಿ, ವಾಲಿಸಿದರೆ ಅಳತೆಯಷ್ಟೇ ಸುರಿಯುವ ಟಿಲ್ಟ್ ಮೆಷರ್ ಇಟ್ಟುಕೊಳ್ಳಿ. ಕೈಗೆ ತೆಳು ನೈಟ್ರೈಲ್ ಗ್ಲೌಸ್ ಸಾಲದು, ಗಟ್ಟಿ ಸಲ್ಫ್ಯೂರಿಕ್ ಅದನ್ನು ಬೇಗ ತಿನ್ನುತ್ತದೆ. ದಪ್ಪ ನಿಯೋಪ್ರೀನ್ ಗ್ಲೌಸ್, ಬದಿ ಮುಚ್ಚಿದ ಗಾಗಲ್ಸ್, ರಬ್ಬರ್ ಏಪ್ರನ್ ಬೇಕು. ಹವಾಯಿ ಚಪ್ಪಲಿ ಬಾಗಿಲ ಹೊರಗಿರಲಿ.

ಪ್ರಶ್ನೆ (ಅದೇ ಟೆಸ್ಟರ್): ಕೈ ಮೇಲೆ ಬಿದ್ರೆ ಸುಣ್ಣ ಹಚ್ಚಿ ಅಂತಾರಲ್ಲ ಸಾರ್?

ಗುಂಪಿನ ಇನ್ನೊಬ್ಬ ಸದಸ್ಯರು: ಗಟ್ಟಿ ಆಸಿಡ್ ಆದರೆ ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ನೀರು ಎಂದು ಓದಿದ್ದೆ.

ಉತ್ತರ: ಸುಣ್ಣ ಬೇಡವೇ ಬೇಡ. ಆಸಿಡ್ ಜೊತೆ ಸೇರಿದಾಗ ಹುಟ್ಟುವ ಕಾವು ಚರ್ಮದ ಮೇಲೇ ಇಳಿಯುತ್ತದೆ, ಮೇಲಾಗಿ ಸುಣ್ಣವೂ ಸುಡುತ್ತದೆ. ಒರೆಸಲು ಬಟ್ಟೆ ಹುಡುಕುತ್ತಾ ನಿಲ್ಲುವುದೂ ತಪ್ಪು. ಲೋಟದಲ್ಲಿ ಚಿಮುಕಿಸಿದರೆ ಕಾವು ಹುಟ್ಟುತ್ತದೆ, ನಲ್ಲಿ ಪೂರ್ತಿ ಬಿಟ್ಟರೆ ಕಾವೂ ಆಸಿಡ್ಡೂ ಕೊಚ್ಚಿಹೋಗುತ್ತವೆ. ಹರಿಯುವ ನೀರಿನಲ್ಲಿ ಕನಿಷ್ಠ 15–20 ನಿಮಿಷ. ಉಂಗುರ, ಬಳೆ, ವಾಚು, ಕಾಶಿದಾರ ನೀರಿನ ಕೆಳಗೇ ತೆಗೆಯಿರಿ, ಅದರಡಿ ಆಸಿಡ್ ಕೂತಿರುತ್ತದೆ. ಅಂಗಿಗೆ ಬಿದ್ದಿದ್ದರೆ ತಲೆ ಮೇಲಿಂದ ಎಳೆಯದೆ ಕತ್ತರಿಸಿ. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು 20 ನಿಮಿಷ ನೀರು ಬಿಟ್ಟು, ಆಮೇಲೆ ಆಸ್ಪತ್ರೆ.

ನೆಲಕ್ಕೆ ಚೆಲ್ಲಿದರೆ ಸುತ್ತ ಮರಳಿನ ಕಟ್ಟೆ ಕಟ್ಟಿ, ಸೋಡಾ ಆಶ್ (ಸೋಡಿಯಂ ಕಾರ್ಬೋನೇಟ್) ಪುಡಿಯನ್ನು ಅಂಚಿನಿಂದ ಒಳಕ್ಕೆ ಉದುರಿಸುತ್ತಾ ಬನ್ನಿ. ಒಂದು ಲೀಟರ್ ಗಟ್ಟಿ ಆಸಿಡ್ಡಿಗೆ ಸುಮಾರು 2 ಕೆ.ಜಿ. ಬೇಕಾಗುತ್ತದೆ, ಹಾಗಾಗಿ ಕಾಲು ಕೆ.ಜಿ. ಪೊಟ್ಟಣ ಇಟ್ಟುಕೊಂಡು ನೆಮ್ಮದಿಯಾಗಿರಬೇಡಿ. ನೊರೆ ನಿಂತ ಮೇಲೆ ಬಳಿಯಿರಿ. ಮರದ ಹೊಟ್ಟು ಹಾಕಬಾರದು, ಆಸಿಡ್ ಅದನ್ನು ಸುಟ್ಟು ಕರಿ ಮಾಡಿ ಹೊಗೆ ಎಬ್ಬಿಸುತ್ತದೆ.

ಪ್ರಶ್ನೆ (ಆಲೆಮನೆ ನಡೆಸುವವರು, ಪಾಂಡವಪುರ ಕಡೆ): ಬೆಲ್ಲಕ್ಕೆ ಹಾಕೋ ಹೈಡ್ರೋಸ್ ಡ್ರಮ್ಮಿಗೆ ಸೂರಿಂದ ಮಳೆನೀರು ತೊಟ್ಟಿಕ್ಕಿ ಹೊಗೆ ಶುರುವಾಯ್ತು. ಗಂಧಕದ ಘಾಟು. ಮರಳು ಮುಚ್ಚಿದ್ರೂ ನಿಲ್ಲಲಿಲ್ಲ. ಯಾಕೆ?

ಉತ್ತರ: ಹೈಡ್ರೋಸ್ ಅಂದರೆ ಸೋಡಿಯಂ ಡೈಥಯೋನೈಟ್. ಇದಕ್ಕೆ ಉರಿಯಲು ಗಾಳಿಯೇ ಬೇಕಿಲ್ಲ, ತನ್ನೊಳಗೇ ಒಡೆದು ಕಾವು ಹುಟ್ಟಿಸಿಕೊಳ್ಳುತ್ತದೆ. ಮರಳು ಮುಚ್ಚಿದರೆ ಆ ಕಾವು ಒಳಗೇ ಉಳಿಯುತ್ತದೆ, ಅಷ್ಟೆ. ನಾಲ್ಕು ಹನಿ ನೀರು ಬಿದ್ದರೆ ಸಾಕು, ಅಲ್ಲಿಂದ ಶುರುವಾಗಿ ಡ್ರಮ್ಮಿಗೆ ಡ್ರಮ್ಮೇ ಕಾದು ಸಲ್ಫರ್ ಡೈಆಕ್ಸೈಡ್ ಬಿಡುತ್ತದೆ.

ಆದರೆ ಆರಿಸುವುದೂ ನೀರೇ. ಬಿಂದಿಗೆ ಲೆಕ್ಕದಲ್ಲಲ್ಲ, ಪಂಪ್‌ಸೆಟ್ ಪೈಪಿನಲ್ಲಿ, ಪುಡಿ ಪೂರ್ತಿ ಮುಳುಗಿ ತಣ್ಣಗಾಗುವಷ್ಟು, ಗಾಳಿ ಬೆನ್ನಿಗಿರುವಂತೆ ದೂರ ನಿಂತು. ಕರೆಂಟ್ ಇಲ್ಲ, ಅಷ್ಟು ನೀರಿಲ್ಲ ಎಂದರೆ ಡ್ರಮ್ಮಿನ ತಂಟೆಗೇ ಹೋಗಬೇಡಿ. ಜನರನ್ನು ಎಬ್ಬಿಸಿ, ಸುತ್ತಲಿನ ಸಿಪ್ಪೆ ರಾಶಿಗೆ ಬೆಂಕಿ ಹತ್ತದಂತೆ ನೋಡಿಕೊಂಡು 112ಕ್ಕೆ ಫೋನ್ ಮಾಡಿ. ಆ ಹೊಗೆ ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತದೆ. ಒಲೆಗೆ ಉರಿ ಹಾಕುವವರು ಕೂರುವ ಗುಂಡಿಯೇ ಆಲೆಮನೆಯಲ್ಲಿ ಎಲ್ಲಕ್ಕಿಂತ ತಗ್ಗು, ಮೊದಲು ಅವರನ್ನು ಮೇಲೆ ಕರೆಯಿರಿ. ಹೊಗೆ ಕುಡಿದು ಕೆಮ್ಮುತ್ತಿರುವವರನ್ನು, ಅದರಲ್ಲೂ ಉಬ್ಬಸ ಇರುವವರನ್ನು, ಆಸ್ಪತ್ರೆಗೆ ಕಳಿಸಿ. ತೊಳೆದ ನೀರು ನಾಲೆಗೆ ಹೋಗದಿರಲಿ, ನೀರಿನ ಆಮ್ಲಜನಕ ಹೀರಿ ಮೀನು ಸಾಯಿಸುತ್ತದೆ.

ಡ್ರಮ್ಮನ್ನು ಮರದ ಹಲಗೆ ಮೇಲೆ, ಒಲೆ, ಸಿಪ್ಪೆ, ಸೋರುವ ಸೂರು ಮೂರರಿಂದಲೂ ದೂರ ಇಡಿ. ಒಣ ಸೌಟು ಅದಕ್ಕೆಂದೇ ಒಂದಿರಲಿ. ಕೊಪ್ಪರಿಗೆ ಕಲಕಿದ ಒದ್ದೆ ಸೌಟು ಅದ್ದುವುದೇ ಅರ್ಧ ಅನಾಹುತಕ್ಕೆ ಮೂಲ. ಬ್ಲೀಚಿಂಗ್ ಪೌಡರ್, ಆಸಿಡ್ ಪಕ್ಕದಲ್ಲಿರಬಾರದು. ಖಾಲಿ ಡ್ರಮ್ಮನ್ನು ಒಂದು ಚೊಂಬು ನೀರಲ್ಲಿ ಗಲಬರಿಸಿದರೆ ಅಂಟಿಕೊಂಡ ಪುಡಿಯೇ ಹೊಗೆಯಾಡುತ್ತದೆ. ಬಯಲಿಗೆ ತಂದು ಒಂದೇ ಸಲಕ್ಕೆ ಕಂಠಪೂರ್ತಿ ನೀರು ತುಂಬಿ.

ಕೇಳದಿದ್ದರೂ ಒಂದು ಮಾತು. ಹೈಡ್ರೋಸ್ ಕೊಡುವ ಆ ಹಳದಿ ಬಣ್ಣ ನಿಲ್ಲುವುದಿಲ್ಲ, ಇಟ್ಟ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ ಸಾಕು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ (ಸಕ್ಕರೆ ಕಾರ್ಖಾನೆ ಲ್ಯಾಬ್ ಟ್ರೈನಿ, ಮಂಡ್ಯ ಜಿಲ್ಲೆ): ಪೋಲ್ (ರಸದಲ್ಲಿನ ಸಕ್ಕರೆ ಅಂಶ) ನೋಡುವಾಗ ರಸ ತಿಳಿ ಮಾಡಲು ಲೆಡ್ ಸಬ್‌ಅಸಿಟೇಟ್ (ಸೀಸದ ಪುಡಿ) ಹಾಕುತ್ತೇವೆ. ಇದು ಆಸಿಡ್ಡಿನ ಹಾಗೆ ಸುಡುವುದಿಲ್ಲವಲ್ಲ, ಗ್ಲೌಸ್ ಬೇಕಾ ಮೇಡಂ?

ಉತ್ತರ: ಮೇಡಂ ಅಲ್ಲ, ಸಾರ್. ಗ್ಲೌಸ್ ಬೇಕು. ಸುಡುವುದಿಲ್ಲ ಎಂಬುದೇ ಇದರ ಮೋಸ. ಸೀಸ ದಿನಾ ಚೂರುಚೂರು ಒಳಗೆ ಹೋಗಿ ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಗರ್ಭಿಣಿಯರಿದ್ದರೆ ಈ ಟೇಬಲ್ಲಿಗೆ ಹಾಕಲೇಬೇಡಿ. ಪುಡಿಯನ್ನು ಫ್ಯಾನ್ ಆಫ್ ಮಾಡಿ ತೆಗೆಯಿರಿ. ಉದುರಿದ್ದನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲಿ ನೀರು ಅಷ್ಟೇ ಸಾಕು. ಟೀ ಲೋಟ ಆ ಕೋಣೆಗೇ ಬರಬಾರದು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಲ್ಯಾಬ್ ಕೋಟು ಮನೆಗೆ ಒಯ್ಯಬೇಡಿ. ಫಿಲ್ಟರ್ ಪೇಪರ್, ಉಳಿದ ರಸ ಸಿಂಕಿಗೆ ಹೋಗದೆ ಮುಚ್ಚಳದ ಕ್ಯಾನಿನಲ್ಲಿ ಸೇರಲಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಸಾಮಾನ್ಯವಾಗಿ 90 ದಿನದೊಳಗೆ ಅಧಿಕೃತ ವಿಲೇವಾರಿಗೆ ಕಳಿಸಬೇಕು. ಸೀಸವಿಲ್ಲದ ಅಲ್ಯೂಮಿನಿಯಂ ಆಧಾರದ ತಿಳಿಕಾರಕಗಳೂ ಸಿಗುತ್ತವೆ, ನಿಮ್ಮ ಚೀಫ್ ಕೆಮಿಸ್ಟ್ ಹತ್ತಿರ ಎತ್ತಿ ನೋಡಿ.

ಪ್ರಶ್ನೆ (ಕಾಲೇಜು ಲ್ಯಾಬ್ ಅಟೆಂಡರ್, ಮೈಸೂರು): ಹಳೇ ಬೀರು ಖಾಲಿ ಮಾಡ್ತಿದ್ದೀವಿ. ಲೇಬಲ್ ಉದುರಿದ ಬಾಟಲಿ ಏಳೆಂಟಿವೆ. ಮೂಸಿ ನೋಡಿ ಗುರುತಿಸಬಹುದಾ?

ಉತ್ತರ: ಮೂಸಬೇಡಿ, ತೆರೆಯಬೇಡಿ, ಸಿಂಕಿಗೆ ಸುರಿಯಬೇಡಿ. «ಗೊತ್ತಿಲ್ಲ» ಎಂದು ಬರೆದು ಇವತ್ತಿನ ತಾರೀಖು ಹಾಕಿ, ಒಂದೊಂದನ್ನೂ ಬೇರೆ ಟ್ರೇನಲ್ಲಿಟ್ಟು ವಿಭಾಗದ ಮುಖ್ಯಸ್ಥರಿಗೆ ತಿಳಿಸಿ. ಎರಡು ಬಗೆಯದನ್ನು ಮಾತ್ರ ಮುಟ್ಟಲೂ ಬೇಡಿ: ಒಣಗಿದ ಹಳದಿ ಹರಳಿರುವ ಬಾಟಲಿ, ಅದು ಪಿಕ್ರಿಕ್ ಆಸಿಡ್ ಇರಬಹುದು, ಮತ್ತೆ ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದ ಹಳೇ ಈಥರ್ ಬಾಟಲಿ. ಎರಡೂ ಮುಚ್ಚಳ ತಿರುವಿದ ಉಜ್ಜಾಟಕ್ಕೇ ಸಿಡಿಯಬಲ್ಲವು. ಬೀರು ಬಾಗಿಲು ಹಾಗೇ ಬಿಟ್ಟು, ಕೋಣೆಗೆ ಬೀಗ ಹಾಕಿ ಹೊರಗೆ ಬನ್ನಿ. ಫೋಟೋ ತೆಗೆಯುವುದಿದ್ದರೆ ಕೋಣೆಯ ಬಾಗಿಲ ಹತ್ತಿರದಿಂದಲೇ ತೆಗೆದು ಇಲ್ಲಿ ಹಾಕಿ.