ಹೊಯ್ಗೆಗೆ ಜೇಡಿಮಣ್ಣು ಬೆರೆಸಿದೆ, ಬಸಳೆ ಪಾತಿ ಇಟ್ಟಿಗೆ ಆಗಿದೆ!

ಕಡಲಕರೆ_ತೋಟ:
ನಮಸ್ಕಾರ. ನಮ್ಮದು ಕುಂದಾಪುರದ ಹತ್ತಿರ, ಕಡಲಿಗೆ ಕೂಗಳತೆ ದೂರ. ಹಿತ್ತಿಲೆಲ್ಲ ಹೊಯ್ಗೆ, ಅಂದರೆ ಮರಳು. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇಲ್ಲ. ಅದಕ್ಕೆ ಗದ್ದೆಯ ಜೇಡಿಮಣ್ಣು ಒಂದು ಟೆಂಪೋ ತರಿಸಿದೆ. ಒಣಗಿಸಿ, ಪುಡಿ ಮಾಡಿ, ಮೂರು ಬುಟ್ಟಿ ಹೊಯ್ಗೆಗೆ ಒಂದು ಬುಟ್ಟಿ ಲೆಕ್ಕದಲ್ಲಿ ಬೆರೆಸಿ ಬಸಳೆ ಪಾತಿ ಮಾಡಿದೆ. ಈಗ ನೀರು ಮೇಲೆಯೇ ನಿಲ್ಲುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಅಗೆಯಲು ಹಾರೆಯೇ ಬೇಕು. ಎಲೆ ಹಳದಿ. ಜೇಡಿ ಕಡಿಮೆಯಾಯಿತು, ಇನ್ನೂ ಹಾಕಿ ಅಂತಾರೆ ಪಕ್ಕದ ಮನೆಯವರು. ಹಾಕಲಾ?

ಮಣ್ಣಿನಹುಳು:
ಬೇಡ, ಬೇಡ! ಮೊದಲು ಒಂದು ಪ್ರಶ್ನೆ. ಬೆರೆಸಿದ ಮೇಲೆ ರಾಶಿ ನಾಲ್ಕು ಬುಟ್ಟಿ ಆಯ್ತಾ?

ಕಡಲಕರೆ_ತೋಟ:
ಅದೇ ವಿಚಿತ್ರ. ನೀರು ಕುಡಿದು ಕೂತ ಮೇಲೆ ಮೂರೂಕಾಲು ಬುಟ್ಟಿ ಇರಬಹುದು, ಅಷ್ಟೇ. ಕೆಲಸದವರು ಬುಟ್ಟಿ ಲೆಕ್ಕ ತಪ್ಪಿದರು ಅಂದುಕೊಂಡಿದ್ದೆ.

ಮಣ್ಣಿನಹುಳು:
ಲೆಕ್ಕ ತಪ್ಪಿಲ್ಲ. ಕಾಣೆಯಾದ ಮುಕ್ಕಾಲು ಬುಟ್ಟಿ ಹೊಯ್ಗೆಯ ಸಂದಿಯಲ್ಲಿ ಕೂತಿದೆ.

ಒಂದು ಡಬ್ಬಿ ತುಂಬ ಹುಣಸೆಬೀಜ ಹಾಕಿ, ಮೇಲಿಂದ ರಾಗಿ ಸುರಿದು ಅಲುಗಾಡಿಸಿ ನೋಡಿ. ಡಬ್ಬಿ ಉಕ್ಕುವುದಿಲ್ಲ, ಸಂದಿ ಮಾತ್ರ ಮಾಯ. ಹೊಯ್ಗೆಯಲ್ಲಿ ಸುಮಾರು 40% ಬರೀ ಸಂದಿ. ಅಂದರೆ ನಿಮ್ಮ ಮೂರು ಬುಟ್ಟಿಯಲ್ಲಿ 1.2 ಬುಟ್ಟಿ ಖಾಲಿ ಜಾಗ. ಮರಳಿನ ಕಣ 0.05ರಿಂದ 2 ಮಿ.ಮೀ., ಜೇಡಿಯ ಕಣ 0.002 ಮಿ.ಮೀ.ಗಿಂತ ಸಣ್ಣದು. ಸಲೀಸಾಗಿ ಒಳಗಿಳಿಯುತ್ತದೆ.

ತಮಾಷೆ ಏನು ಗೊತ್ತಾ? ಬರೀ ಹೊಯ್ಗೆಗಿಂತಲೂ, ಬರೀ ಜೇಡಿಗಿಂತಲೂ ಈ ಬೆರಕೆಯಲ್ಲೇ ಒಟ್ಟು ಸಂದಿ ಕಡಿಮೆ. ಜೇಡಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇದ್ದಾಗ ಮರಳಿನ ಕಣಗಳು ಇನ್ನೂ ಒಂದಕ್ಕೊಂದು ತಾಗಿಕೊಂಡಿರುತ್ತವೆ, ನಡುವಿನ ಜಾಗವೆಲ್ಲ ಭರ್ತಿ. ನೀವು ಸರಿಯಾಗಿ ಅಲ್ಲಿಗೇ ಹೋಗಿ ನಿಂತಿದ್ದೀರಿ! ಮಣ್ಣಿನ ಗೋಡೆಗೆ ಒಳ್ಳೆಯದು, ಬಸಳೆಗಲ್ಲ.

ಉಳಿದಿರುವುದು ಜೇಡಿಯೊಳಗಿನ ಸಣ್ಣ ಸಂದಿ. ಕೊಳವೆಯ ಅಗಲ ಹತ್ತರಲ್ಲೊಂದಾದರೆ ಅದರಲ್ಲಿ ಹರಿಯುವ ನೀರು ಹತ್ತು ಸಾವಿರದಲ್ಲೊಂದಾಗುತ್ತದೆ. ಅದಕ್ಕೇ ನೀರು ಮೇಲೆ ನಿಲ್ಲುವುದು. ಇನ್ನು 0.0002 ಮಿ.ಮೀ.ಗಿಂತ ಸಣ್ಣ ಸಂದಿಯ ನೀರನ್ನು ಬೇರು ಎಳೆದುಕೊಳ್ಳಲಾರದು. ನೀರಿದ್ದರೂ ಬಸಳೆಗಿಲ್ಲ. ಬೇರಿಗೆ ಗಾಳಿಯೂ ಇಲ್ಲ.

ಹಂಚಿನ_ಮಾಡು:
ಜಿಪ್ಸಂ ಹಾಕಿ ಸರ್, ಮಣ್ಣು ಬಿಡಿಬಿಡಿ ಆಗುತ್ತದೆ.

ಮಣ್ಣಿನಹುಳು:
ಸುಮ್ನೆ ದುಡ್ಡು ದಂಡ. ಮೊದಲು ಒಂದು ಒಣ ಹೆಂಟೆಯನ್ನು ಮಳೆನೀರಿನ ಲೋಟಕ್ಕೆ ಮೆಲ್ಲಗೆ ಬಿಡಿ, ಕಲಕಬೇಡಿ. ಸುತ್ತ ಹಾಲಿನ ಹಾಗೆ ಕದಡಿದರೆ ಸೋಡಿಯಂ ಜಾಸ್ತಿ ಅಂತ. ಕಡಲಕರೆಯ ಬಾವಿನೀರು ಉಪ್ಪಾದಲ್ಲಿ ಹಾಗಾಗುವುದುಂಟು, ಆಗ ಜಿಪ್ಸಂ ಸರಿ. ಹೆಂಟೆ ಬರೀ ಕುಸಿದು ನೀರು ತಿಳಿಯಾಗಿದ್ದರೆ ಬೇಕಾದ್ದು ಗೊಬ್ಬರ.

ಕಡಲಕರೆ_ತೋಟ:
ಮಾಡಿ ನೋಡಿದೆ. ಕುಸಿಯಿತು, ನೀರು ತಿಳಿಯಾಗಿಯೇ ಇದೆ. ಈಗ ಈ ಮಣ್ಣನ್ನೆಲ್ಲ ಎಸೆಯಬೇಕಾ?

ಮಣ್ಣಿನಹುಳು:
ಎಂತಕ್ಕೆ ಎಸೆಯುವುದು ಮಾರಾಯ್ರೇ! ಒಂದು ಬುಟ್ಟಿ ಈ ಮಣ್ಣಿಗೆ ಎರಡು ಮೂರು ಬುಟ್ಟಿ ಹೊಯ್ಗೆ ಸೇರಿಸಿ. ಜೇಡಿ 10%ಕ್ಕಿಂತ ಕೆಳಗೆ ಬರುತ್ತದೆ. ಅಷ್ಟೇ ಇದ್ದರೆ ಅದು ಕಣಗಳಿಗೆ ಸವರಿದ ಹಾಗೆ, ಕಣ ಕಣ ಕೂಡುವಲ್ಲಿ ಅಂಟಿನ ಹಾಗೆ ಕೂರುತ್ತದೆ. ದೊಡ್ಡ ಸಂದಿ ತೆರೆದೇ ಇರುತ್ತದೆ. ಜೊತೆಗೆ ಹಟ್ಟಿಗೊಬ್ಬರ, ಸುಡುಮಣ್ಣು ಹಾಕಿ. ಚೆನ್ನಾಗಿ ಸುಟ್ಟ ಜೇಡಿ ನೀರಿನಲ್ಲಿ ಮತ್ತೆ ಕೆಸರಾಗುವುದಿಲ್ಲ, ಕಾಳಿನ ಹಾಗೆ ಉಳಿಯುತ್ತದೆ. ನಮ್ಮ ಅಜ್ಜಿ ಬಸಳೆ ಬುಡಕ್ಕೆ ಅದನ್ನೇ ಹಾಕುತ್ತಿದ್ದರು. ಮಣ್ಣು ಒದ್ದೆ ಇರುವಾಗ ಮಾತ್ರ ಅಗೆಯಬೇಡಿ, ತುಳಿಯಬೇಡಿ.

ಕಡಲಕರೆ_ತೋಟ (ಮೂರು ವಾರದ ಮೇಲೆ):
ಅರ್ಧ ಪಾತಿಗೆ ಮಾತ್ರ ಹಾಗೆ ಮಾಡಿದೆ, ಹೋಲಿಸಿ ನೋಡುವ ಅಂತ. ಹಳೆಯ ಅರ್ಧದಲ್ಲಿ ಒಂದು ಕೊಡ ನೀರು ಅರ್ಧ ಗಂಟೆ ನಿಲ್ಲುತ್ತದೆ. ಹೊಸದರಲ್ಲಿ ಒಂದು ವೀಳ್ಯ ಹಾಕಿಕೊಳ್ಳುವಷ್ಟರಲ್ಲಿ ಇಂಗುತ್ತದೆ, ಮರುದಿನ ಬೆರಳು ತೂರಿಸಿದರೆ ಇನ್ನೂ ತಂಪು! ಹೊಸ ಚಿಗುರು ಹಸಿರಾಗಿದೆ. ಉಳಿದ ಜೇಡಿಯನ್ನು ಪಕ್ಕದ ಮನೆಯವರು ಕೇಳಿದರು. ಬುಟ್ಟಿ ಲೆಕ್ಕ ಹೇಳಿಯೇ ಕೊಟ್ಟೆ.